ಕಿವಿಯಲ್ಲಿ ಹೇಳಿದ ಹೆಸರು

ಹರಿಹರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಶಿವಮೂರ್ತಿಯ ತಾಯಿ ಹಂಪವ್ವನಿಗೆ ಎಪ್ಪತ್ತಾರು ನಡೀತಾ ಇತ್ತು. ಶಾಲೆ ಕಂಡದ್ದು ಎರಡನೇ ತರಗತಿವರೆಗೆ, ಅದೂ ಬಿತ್ತನೆ ದಿನ ಬಿಟ್ಟು. ಆದರೆ ನೆನಪು ಅಂದರೆ ನೆನಪು. ತವರೂರು ಕೊಂಡಜ್ಜಿಯಲ್ಲಿ ಯಾವ ಎಮ್ಮೆ ಯಾವ ಅಮಾಸೆಗೆ ಕರು ಹಾಕಿತ್ತು, ಬಾತಿಯ ಬೀಗರು ಯಾರ ಮದುವೆಯಲ್ಲಿ ಸಾರು ತಣ್ಣಗಾಗೈತೆ ಅಂತ ಎಲೆ ಬಿಟ್ಟು ಎದ್ದಿದ್ದರು, ಎಲ್ಲಾ ನಾಲಿಗೆ ತುದಿಯಲ್ಲೇ ಇರೋದು. ಮನೆಯವರಿಗೆ ಹಳೇದೇನಾದರೂ ತಿಳೀಬೇಕಾದರೆ ಕಾಗದಪತ್ರದ ಪೆಟ್ಟಿಗೆ ತೆಗೀತಿರಲಿಲ್ಲ, ಹಂಪವ್ವನನ್ನು ಕೇಳ್ತಿದ್ದರು.

ಅಂಥ ಹಂಪವ್ವ ಒಂದೇ ಒಂದು ವಿಷಯ ಯಾರಿಗೂ ಹೇಳಿರಲಿಲ್ಲ. ನಲವತ್ತೆಂಟು ವರ್ಷ ಹೇಳಿರಲಿಲ್ಲ.

ಅವಳದೊಂದು ಆಸೆ ಇತ್ತು. ಮಗ ಶಿವಮೂರ್ತಿಯ ಮಗ ರೇವಂತನಿಗೆ, ದಾವಣಗೆರೆಗೆ ಕೊಟ್ಟ ಮಗಳು ನಿರ್ಮಲಮ್ಮನ ಮಗಳು ಪೂಜಾಳನ್ನು ತಂದುಕೊಳ್ಳಬೇಕು ಅಂತ. ಹುಡುಗರಿಗೂ ಒಬ್ಬರನ್ನೊಬ್ಬರು ಕಂಡರೆ ಇಷ್ಟ. ಸೋದರತ್ತೆ ಮಗಳು ಅಂದರೆ ಕೇಳೋದೇ ಬ್ಯಾಡ, ನಮ್ಮ ಕಡೆ ಅದು ಹಕ್ಕು ಇದ್ದಂಗೆ. ವೀಳ್ಯದ ಶಾಸ್ತ್ರಕ್ಕೆ ಇನ್ನು ಹತ್ತೇ ದಿನ ಇತ್ತು.

ಆ ಭಾನುವಾರ ಮಧ್ಯಾಹ್ನ ಪೂಜಾ ದಾವಣಗೆರೆಯಿಂದ ಬಂದಳು. ಅಲ್ಲಿ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡ್ತಾಳೆ. ಕಂಕುಳಲ್ಲಿ ಸುರುಳಿ ಸುತ್ತಿದ ಡ್ರಾಯಿಂಗ್ ಹಾಳೆ.

“ಏನೇ ಅದು, ಲಗ್ನಪತ್ರಿಕೇನಾ?” ಅಂದ ಶಿವಮೂರ್ತಿ.

“ಅದಕ್ಕಿಂತ ಮುಂಚಿಂದು ಮಾವ. ನಾನು, ರೇವಂತ ಡಾಕ್ಟರ್ ಹತ್ರ ಹೋಗಿದ್ವಿ. ರಕ್ತಸಂಬಂಧದಾಗೆ ಮದುವೆ ಅಂದ್ರೆ ಮೊದಲು ವಂಶದ ನಕ್ಷೆ ಬರ್ಕೊಂಡು ಬರ್ರಿ ಅಂದ್ರು. ಯಾರಿಗೆ ಏನು ಕಾಯಿಲೆ, ಯಾರಿಗೆ ಕಣ್ಣು, ಯಾರಿಗೆ ಕಿವಿ, ಎಲ್ಲ.”

“ನಾವು ನಕ್ಷೆ ಬರ್ಕೊಂಡು ಮದುವೆ ಆದ್ವೇನೇ?”

“ಜಾತಕ ಬರೆಸಿದ್ರಲ್ಲ. ಅದನ್ನ ಆಕಾಶ ನೋಡಿ ಬರೀತಾರೆ, ಇದನ್ನ ಅಜ್ಜಿ ನೋಡಿ ಬರೀತೀನಿ.”

ರೇವಂತ ನಕ್ಕ. ಶಿವಮೂರ್ತಿಗೂ ನಗು ಬಂತು, ಆದರೆ ತೋರಿಸಿಕೊಳ್ಳದೆ ಅಂಗಡಿ ಕಡೆ ಎದ್ದು ಹೋದ.

ಹಿತ್ತಿಲ ಪಡಸಾಲೆಯಲ್ಲಿ ಹಂಪವ್ವ ಮೆಕ್ಕೆಜೋಳದ ತೆನೆ ಬಿಡಿಸ್ತಾ ಕೂತಿದ್ದಳು. ಪೂಜಾ ಎದುರಿಗೆ ಹಾಳೆ ಹಾಸಿದಳು. ಗಂಡಸರಿಗೆ ಚೌಕ, ಹೆಂಗಸರಿಗೆ ಸುತ್ತು. ವಂಶದಿಂದ ಬಂದ ಕಾಯಿಲೆ ಇದ್ದರೆ ಅದನ್ನು ಕಪ್ಪು ಮಾಡಬೇಕು, ಇಲ್ಲದಿದ್ದರೆ ಖಾಲಿ. ಹಂಪವ್ವ ಹೇಳ್ತಾ ಹೋದಳು, ಪೂಜಾ ಬರೀತಾ ಹೋದಳು. ಅಣ್ಣ ಕೆಂಚವೀರಪ್ಪನ ಚೌಕ ಬಂತು. ಅವನಿಗೆ ಸೋದರಮಾವ ಭರಮಣ್ಣನ ಮಗಳನ್ನೇ ತಂದದ್ದು ಬಂತು. ಅವರ ಮಗ ಸಿದ್ದು ಬಂದ.

“ಸಿದ್ದು ದೊಡ್ಡಪ್ಪಂಗೆ ಕಿವಿ ಕೇಳಲ್ಲ. ಅದು ಜ್ವರದಿಂದ ಅಲ್ವಾ ಅಜ್ಜಿ?”

“ಹ್ಞೂಂ. ಎರಡೂವರೆ ವರ್ಷಕ್ಕೆ ಜ್ವರ ಬಂದಿತ್ತು.”

“ಹಂಗಾದ್ರೆ ಇದ್ರಾಗೆ ಲೆಕ್ಕ ಇಲ್ಲ. ಭರಮಣ್ಣಜ್ಜಂಗೂ ಕೇಳ್ತಿರಲಿಲ್ಲ ಅಂತ ಅಮ್ಮ ಅಂತಿದ್ಲು.”

“ಸಿಡಿಲು ಹತ್ರ ಬಡಿದಿತ್ತು ಅಂತಾರೆ.”

“ಅದೂ ಲೆಕ್ಕ ಇಲ್ಲ,” ಅಂದು ಪೂಜಾ ಎರಡೂ ಚೌಕ ಖಾಲಿ ಬಿಟ್ಟಳು.

ಹಂಪವ್ವನ ಕೈ ತೆನೆ ಮೇಲೆ ನಿಂತಿತು. ಹಾಳೆ ತುಂಬ ಗೆರೆ ಇದ್ದರೂ ಅವಳ ಕಣ್ಣಿಗೆ ಆ ಎರಡು ಖಾಲಿ ಚೌಕ ಬಿಟ್ಟರೆ ಬೇರೆ ಕಾಣಲಿಲ್ಲ.

ಅಷ್ಟರಲ್ಲಿ ರೇವಂತ ಅಂಗಡಿಯಿಂದ ಒಂದು ತೆನೆ ತಂದು ಮುಂದಿಟ್ಟ. ಹಳದಿ ಕಾಳಿನ ನಡುನಡುವೆ ಬಿಳಿ ಕಾಳು, ಬಾಯಲ್ಲಿ ಹಲ್ಲು ಬಿದ್ದು ಹೊಸದು ಬಂದಂಗೆ.

“ನೋಡಜ್ಜಿ. ಆನಗೋಡಿನ ಉಚ್ಚೆಂಗಪ್ಪ ತಂದು ಗಲಾಟೆ ಮಾಡ್ತಾ ಅದಾನೆ. ‘ಹಳದಿ ಬಿತ್ತಿದೀನಿ, ಬಿಳಿ ಹೆಂಗೆ ಬಂತು, ಕಲಬೆರಕೆ ಬೀಜ ಕೊಟ್ಟೀರಿ’ ಅಂತ. ಕೇಳಿದ್ರೆ ನಮ್ಮ ಬೀಜಾನೇ ಅಲ್ಲ. ಹೋದ ವರ್ಷದ ತನ್ನ ಬೆಳೇಲೇ ತೆಗೆದಿಟ್ಟಿದ್ದು. ಆಗ ಪಕ್ಕದ ಹೊಲದಾಗೆ ಬಿಳಿ ಮೆಕ್ಕೆಜೋಳ ಇತ್ತಂತೆ.”

“ಗಾಳಿಗೆ ಅದರ ಹೂವಿನ ಹುಡಿ ಬಂದು ಕೂತಿರುತ್ತೆ,” ಅಂದಳು ಹಂಪವ್ವ. “ನಮ್ಮಪ್ಪನ ಹೊಲದಾಗೂ ಆಗಿತ್ತು. ಮೊದಲ ವರ್ಷ ಎಲ್ಲ ಹಳದೀನೇ. ಮಾರನೇ ವರ್ಷ ಬಿಳಿ ಹಣಿಕಿ ಹಾಕ್ತು. ಮೊದಲ ವರ್ಷ ಎಲ್ಲಿತ್ತೋ ಅದು?”

ಪೂಜಾಗೆ ಮೇಷ್ಟ್ರಮ್ಮನ ಹುರುಪು ಬಂತು. ನಾಲ್ಕು ಕಾಳು ಕಿತ್ತಳು, ಎರಡು ಹಳದಿ, ಎರಡು ಬಿಳಿ. ಒಂದು ಹಳದಿ ಒಂದು ಬಿಳಿ ಅಜ್ಜಿಯ ಮುಷ್ಟಿಗೆ, ಒಂದು ಹಳದಿ ಒಂದು ಬಿಳಿ ರೇವಂತನ ಮುಷ್ಟಿಗೆ.

“ಒಳಗೇ ಇತ್ತಜ್ಜಿ. ಪ್ರತಿಯೊಂದು ಗುಣಕ್ಕೂ ನಮ್ಮ ಹತ್ರ ಎರಡು ಕಾಳು ಇರ್ತಾವೆ ಅನ್ಕೋ. ಅವ್ವಂದೊಂದು, ಅಪ್ಪಂದೊಂದು. ವಂಶವಾಹಿ ಅಂತಾರೆ. ಹಳದಿ ಒಂದಿದ್ರೆ ಸಾಕು, ಹೊರಗೆ ಹಳದೀನೇ ಕಾಣುತ್ತೆ, ಬಿಳಿ ಅದರ ಬೆನ್ನ ಹಿಂದೆ ಅಡಗಿರುತ್ತೆ. ನೀನು ಮಕ್ಕಳಿಗೆ ಕೊಡೋವಾಗ ಎರಡೂ ಕೊಡಲ್ಲ. ಕಣ್ಣು ಮುಚ್ಚಿ ಒಂದು ಕೊಡ್ತೀಯ. ಇಬ್ರೂ ಹಳದಿ ಕೊಡಬಹುದು. ನೀನು ಹಳದಿ ಅವನು ಬಿಳಿ, ನೀನು ಬಿಳಿ ಅವನು ಹಳದಿ, ಹಂಗೂ ಆಗಬಹುದು. ಇಬ್ರೂ ಬಿಳೀನೇ ಕೊಟ್ರೆ ಮಾತ್ರ ಬಿಳಿ ಹೊರಗೆ ಬರುತ್ತೆ. ನಾಲ್ಕರಾಗೆ ಒಂದು.”

“ಮೂರು ಮಕ್ಕಳಾದ ಮ್ಯಾಲೆ ನಿಲ್ಲಿಸಿಬಿಟ್ರೆ?”

ರೇವಂತ ಗೊಳ್ ಅಂತ ನಕ್ಕ. ಪೂಜಾ ನಗಲಿಲ್ಲ. “ಹಂಗಲ್ಲಜ್ಜಿ. ಕೊಟ್ಟ ಮೇಲೂ ಮುಷ್ಟಿ ಖಾಲಿ ಆಗಲ್ಲ, ಎರಡೂ ಅಲ್ಲೇ ಇರ್ತಾವೆ. ಪ್ರತಿ ಸಲಾನೂ ಹೊಸದಾಗಿ ಕಣ್ಣು ಮುಚ್ಚಬೇಕು. ಮೊದಲನೇದೇ ಬಿಳಿ ಆಗಬಹುದು, ನಾಲ್ಕೂ ಹಳದಿ ಆಗಬಹುದು. ಒಂದೇ ಮನೆತನದಾಗೆ ತಂದುಕೊಂಡ್ರೆ ಇಬ್ಬರ ಮುಷ್ಟೀಲೂ ಅದೇ ಬಿಳಿ ಅಡಗಿರೋ ಸಂಭವ ಹೆಚ್ಚು, ಅಷ್ಟೇ.”

ಹಂಪವ್ವ ಮುಷ್ಟಿ ಬಿಚ್ಚಿ ನೋಡಿದಳು. ಒಂದು ಹಳದಿ, ಒಂದು ಬಿಳಿ.

ಭರಮಣ್ಣಮಾವನ ಮಗಳಿಗೆ, ಅಂದರೆ ಸಿದ್ದುನ ಅವ್ವನಿಗೆ, ಕಿವಿ ಚುರುಕಾಗಿತ್ತು. ಅಪ್ಪನದು ಹುಟ್ಟುಕಿವುಡಾಗಿದ್ದರೆ ಮಗಳಿಗೂ ಬರಬೇಕಿತ್ತಲ್ಲ ಅಂತಲೇ ಊರೆಲ್ಲ ಸಿಡಿಲಿನ ಮಾತು ನಂಬಿತ್ತು. ಈಗ ಹಂಪವ್ವನಿಗೆ ಗೊತ್ತಾಯಿತು. ಆ ಹುಡುಗಿ ಅಪ್ಪನ ಬಿಳಿ ಕಾಳು ಬೆನ್ನ ಹಿಂದೆ ಇಟ್ಟುಕೊಂಡೇ ನಡೆದು ಬಂದಿದ್ದಳು. ಅಣ್ಣನ ಹತ್ತಿರವೂ ಒಂದಿತ್ತು. ಹಂಗಾದರೆ ಅಣ್ಣನ ಒಡಹುಟ್ಟಿದ ನನ್ನ ಹತ್ತಿರ? ನಾನು ಶಿವಮೂರ್ತಿಗೆ ಯಾವುದು ಕೊಟ್ಟೆ, ನಿರ್ಮಲಾಗೆ ಯಾವುದು ಕೊಟ್ಟೆ?

ಬಾಯಿ ಬಿಟ್ಟರೆ ತಾನೇ ಕೂಡಿಸಿದ ಮದುವೆಗೆ ತಾನೇ ಅಡ್ಡ ಬಂದಂಗೆ. ಬಿಡದಿದ್ದರೆ ಆ ಎರಡು ಚೌಕ ಖಾಲಿಯೇ ಉಳೀತಾವೆ. ಐದು ಗಂಟೆಯ ಬಸ್ಸಿಗೆ ಪೂಜಾ ಹಾಳೆ ಸುತ್ತೋಕೆ ಶುರು ಮಾಡಿದಳು.

“ಸುತ್ತಬ್ಯಾಡ,” ಅಂದಳು ಹಂಪವ್ವ. “ಆ ಎರಡು ಚೌಕ ತುಂಬು. ಜ್ವರಾನೂ ಅಲ್ಲ, ಸಿಡಿಲೂ ಅಲ್ಲ. ಇಬ್ಬರೂ ಹುಟ್ಟಿದಾಗಿಂದ ಹಂಗೇ.”

ಅಂಗಡಿಯಿಂದ ಒಳಗೆ ಬರ್ತಿದ್ದ ಶಿವಮೂರ್ತಿ ಬಾಗಿಲಲ್ಲೇ ನಿಂತ. “ಏನವ್ವ ನೀನು ಹೇಳ್ತಿರೋದು?”

ಹಂಪವ್ವ ಹೇಳಿದಳು. ಭರಮಣ್ಣಮಾವ ಹುಟ್ಟುಕಿವುಡ ಅಂತ ಅವಳ ಅವ್ವ ಬಾಣಂತಿ ಕೋಣೆಯಲ್ಲಿ ಆಣೆ ಹಾಕಿಸಿಕೊಂಡು ಹೇಳಿದ್ದಳು. ಹೊರಗೆ ಗೊತ್ತಾದರೆ ಮನೆಯ ಹೆಣ್ಣುಮಕ್ಕಳನ್ನು ಯಾರೂ ಮಾಡಿಕೊಳ್ಳಲ್ಲ, ಅದಕ್ಕೇ ಸಿಡಿಲು. ಆಮೇಲೆ ಸಿದ್ದುನ ತೊಟ್ಟಿಲ ಶಾಸ್ತ್ರ. ಸೋದರತ್ತೆ ಅಂದರೆ ಹಂಪವ್ವನೇ. ಕೂಸಿನ ಕಿವಿಗೆ ಬಾಯಿಟ್ಟು ಕುರ್ರ್ ಅಂತ ಹೆಸರು ಕೂಗಬೇಕು, ಕೂಗುವಾಗ ಸುತ್ತ ನಿಂತ ಹೆಂಗಸರು ಅತ್ತೆಯ ಬೆನ್ನಿಗೆ ಗುದ್ದಬೇಕು. ಅವಳು ಕೂಗಿದಳು. ಬೆನ್ನ ಮೇಲೆ ಗುದ್ದು ದಬದಬ ಬಿದ್ದವು. ಯಾರದೋ ಕೈ ತಾಗಿ ಆರತಿ ತಟ್ಟೆ ಕಲ್ಲಿನ ಮೇಲೆ ಠಣ್ ಅಂತ ಬಿತ್ತು, ಅಲ್ಲಿದ್ದ ಉಳಿದ ಕೂಸುಗಳೆಲ್ಲ ಬೆಚ್ಚಿ ಅತ್ತವು. ಸಿದ್ದು ರೆಪ್ಪೆ ಅಲುಗಿಸಲಿಲ್ಲ. ‘ಎಂಥ ಗಂಭೀರದ ಕೂಸು’ ಅಂತ ಎಲ್ಲರೂ ಹೊಗಳಿದರು. ಹಂಪವ್ವನಿಗೆ ಮಾತ್ರ ಭರಮಣ್ಣಮಾವ ನೆನಪಾಗಿದ್ದ.

“ಹೇಳಿದ್ರೆ ‘ಅಪ್ಪನ ಕಿವುಡು ತಂದ್ಲು’ ಅಂತ ನಮ್ಮತ್ತಿಗೆ ಮ್ಯಾಲೆ ಬರೋದು. ಹೊಸದಾಗಿ ಬಂದ ಹುಡುಗಿ. ಸುಮ್ಮನಾದೆ. ಆಮೇಲೆ ಜ್ವರ ಬಂತು. ಎಲ್ಲರೂ ಜ್ವರ ಅಂದ್ರು, ನಾನೂ ಹ್ಞೂಂ ಅಂದೆ. ಜ್ವರದಿಂದ ಹೋದದ್ದು ವಾಪಸ್ ಬರುತ್ತೆ ಅಂತ ಗುಡಿ, ದರ್ಗಾ, ಇಂಜೆಕ್ಷನ್ನು ಅಂತ ತಿರುಗಿದ್ರು. ಅವನನ್ನ ದಾವಣಗೆರೆಯ ಕಿವುಡರ ಶಾಲೆಗೆ ಹಾಕಿದಾಗ ಒಂಬತ್ತು ವರ್ಷ.”

“ಹತ್ತು ದಿನ ಐತೆ ಅನ್ನೋವಾಗ ಹೇಳ್ತೀಯಲ್ಲವ್ವ!” ಅಂದ ಶಿವಮೂರ್ತಿ. ಸಿಟ್ಟಿಗಿಂತ ಸೋತ ದನಿ ಅದು. ಪೂಜಾ ಪೆನ್ಸಿಲ್ ತಗೊಂಡು ಎರಡೂ ಚೌಕ ಕಪ್ಪು ಮಾಡಿದಳು.

ಶಾಸ್ತ್ರ ಮುಂದಕ್ಕೆ ಹೋಯಿತು. ದಾವಣಗೆರೆಯಿಂದ ನಿರ್ಮಲಮ್ಮ ಫೋನ್ ಮಾಡಿ ಅವ್ವನ ಮೇಲೆ ಒಂದು ತಾಸು ಹಾರಾಡಿದಳು, ಆಮೇಲೆ ಅತ್ತಳು, ಆಮೇಲೆ ಊಟ ಆಯ್ತಾ ಅಂತ ಕೇಳಿದಳು. ನಕ್ಷೆ ನೋಡಿದ ಡಾಕ್ಟರಮ್ಮ, “ಮೊದಲು ಸಿದ್ದು ಅವರ ರಕ್ತ ಬೇಕು. ಅವರಲ್ಲಿ ಯಾವ ವಂಶವಾಹಿ ಕೆಟ್ಟಿದೆ ಅಂತ ಸಿಕ್ಕರೆ, ನಿಮ್ಮಿಬ್ಬರಲ್ಲಿ ಅದನ್ನೇ ಹುಡುಕಬಹುದು,” ಅಂದರಂತೆ.

“ಕೇಳೋಕೆ ನಾನೇ ಹೋಗ್ತೀನಿ,” ಅಂದಳು ಹಂಪವ್ವ. “ಕೇಳೋದಕ್ಕಿಂತ ಮುಂಚೆ ಹೇಳೋದು ಐತೆ.”

ಕೊಂಡಜ್ಜಿಯಲ್ಲಿ ಸಿದ್ದುನದು ಮೋಟಾರ್ ರಿಪೇರಿ ಅಂಗಡಿ. ಸುತ್ತ ಹಳ್ಳಿಗಳ ಪಂಪಿನ ಮೋಟಾರೆಲ್ಲ ಅವನ ಕೈಗೇ ಬರೋದು. ಉಳಿದ ಮೆಕ್ಯಾನಿಕ್ಕುಗಳು ಕಿವಿ ಕೊಟ್ಟು ಕೇಳಿದರೆ ಇವನು ಅಂಗೈ ಇಟ್ಟು ನೋಡ್ತಾನೆ. ಬೇರಿಂಗ್ ಹೋಗಿದೆಯೋ, ಸುರುಳಿ ಸುಟ್ಟಿದೆಯೋ, ಕೈಗೇ ತಿಳಿಯುತ್ತೆ. ಹೆಂಡತಿ, ಇಬ್ಬರು ಮಕ್ಕಳು. ಮಕ್ಕಳಿಬ್ಬರಿಗೂ ಕಿವಿ ಚೆನ್ನಾಗಿ ಕೇಳುತ್ತೆ.

ಅತ್ತೆಯನ್ನು ಕಂಡ ಕೂಡಲೇ ಸಿದ್ದು ಮೂಗಿನ ಮೇಲೆ ಬೆರಳಿಟ್ಟ. ಮೂಗುಬೊಟ್ಟಿನ ಅತ್ತೆ ಅಂತ. ಅದು ಅವನ ಭಾಷೆಯಲ್ಲಿ ಹಂಪವ್ವನ ಹೆಸರು. ಸ್ಟೂಲು ಒರೆಸಿ ಕೂರಿಸಿದ.

ಜೊತೆಗೆ ಬಂದಿದ್ದ ಪೂಜಾ ಫೋನ್ ತೆಗೆದು ಬರೆಯೋಕೆ ಹೋದಳು. “ನೀನು ಇರು,” ಅಂದಳು ಹಂಪವ್ವ.

ತೋಳಲ್ಲಿ ತೊಟ್ಟಿಲು ತೂಗಿದಳು. ಅವನನ್ನು ತೋರಿಸಿದಳು. ಬಗ್ಗಿ ಕಿವಿಯಲ್ಲಿ ಹೇಳಿದಂಗೆ ಮಾಡಿದಳು. ತಟ್ಟೆ ಬಿದ್ದದ್ದು ಮಾಡಿದಳು. ಕೂಸು ಅಲುಗಲಿಲ್ಲ ಅಂತ ಕಣ್ಣು ಮುಚ್ಚಿ ತೋರಿಸಿದಳು. ಹಣೆ ಮುಟ್ಟಿ, ಜ್ವರ ಅಲ್ಲ ಅಂತ ಕೈ ಆಡಿಸಿದಳು. ಕೊನೆಗೆ ತನ್ನ ಎದೆ ತಟ್ಟಿಕೊಂಡು, ನನಗೆ ಗೊತ್ತಿತ್ತು ಅಂತ, ತುಟಿಗೆ ಬೆರಳು ಒತ್ತಿದಳು.

ಸಿದ್ದು ಕೈಯಲ್ಲಿದ್ದ ತಾಮ್ರದ ತಂತಿ ಕೆಳಗಿಟ್ಟ. ಆಮೇಲೆ ಒಂಬತ್ತು ಬೆರಳು ಎತ್ತಿದ. ಶಾಲೆಗೆ ಹೋದ ವಯಸ್ಸು. ಅದನ್ನು ಅಳಿಸಿದಂಗೆ ಮಾಡಿ, ಕೈಯನ್ನು ಮಂಡಿ ಎತ್ತರಕ್ಕೆ ಇಳಿಸಿ, ನಾಲ್ಕು ಬೆರಳು ತೋರಿಸಿದ. ನಾಲ್ಕಕ್ಕೇ ಹೋಗಬಹುದಿತ್ತು. ಅವನ ಮುಖದಲ್ಲಿ ನಗು ಇರಲಿಲ್ಲ. ಹಂಪವ್ವ ಹ್ಞೂಂ ಅಂತ ತಲೆ ಆಡಿಸಿದಳು. ಕಣ್ಣು ಒರೆಸಿಕೊಳ್ಳಲಿಲ್ಲ, ಸಬೂಬೂ ಹೇಳಲಿಲ್ಲ.

ಆಮೇಲೆ ಅವನು ಎದ್ದು ಬಂದ. ಕೈ ಒರೆಸಿಕೊಂಡು, ಮೋಟಾರಿನ ಮೇಲೆ ಇಡುವಂತೆಯೇ, ಅಂಗೈಯನ್ನು ಅತ್ತೆಯ ಗಂಟಲ ಮೇಲೆ ಇಟ್ಟ. ಗಲ್ಲ ಎತ್ತಿ ಸನ್ನೆ ಮಾಡಿದ. ಹೇಳು.

“ಸಿದ್ದು,” ಅಂದಳು ಹಂಪವ್ವ.

ಇನ್ನೊಂದು ಸಲ ಅಂತ ಬೆರಳು ಎತ್ತಿದ.

“ಸಿದ್ದು.”

ಅವನು ಕಣ್ಣು ಮುಚ್ಚಿ ಆ ನಡುಕ ಹಿಡಿದ. ಮೂರನೇ ಸಲಕ್ಕೆ ಅವನ ತುಟಿಯೂ ಆಡಿತು. ನಲವತ್ತೆಂಟು ವರ್ಷ ತಡವಾಗಿ ಆ ಹೆಸರು ಹೋಗಬೇಕಾದ ಕಡೆ ಹೋಗಿ ಮುಟ್ಟಿತು. ಕೈ ತೆಗೆದವನೇ ಅತ್ತೆಯ ಬೆನ್ನಿಗೆ ದಬ್ ಅಂತ ಒಂದು ಗುದ್ದಿದ. ಹೆಸರು ಹೇಳಿದ ಮೇಲೆ ಗುದ್ದು ಬೀಳಬೇಕಲ್ಲ!

“ದೊಡ್ಡಪ್ಪ!” ಅಂತ ಪೂಜಾ ಗಾಬರಿಯಾದಳು. ಹಂಪವ್ವ ಕೆಮ್ಮಿ, ನಕ್ಕು, ಮತ್ತೆ ಕೆಮ್ಮಿದಳು. “ಇರ್ಲಿ ಬಿಡೇ. ನನಗೆ ಬರಬೇಕಾಗಿದ್ದೇ ಅದು.”

ಪೂಜಾ ಫೋನಿನಲ್ಲಿ ರಕ್ತದ ವಿಷಯ ಬರೆದು ತೋರಿಸಿದಳು. ಅವನು ಆಗಲೇ ಅಂಗಿ ತೋಳು ಮಡಚಿದ. ಇನ್ನೊಂದು ಬರೆದಳು. ‘ನಮ್ಮ ಮಗುವಿಗೆ ಕೇಳದಿದ್ದರೆ?’ ಸಿದ್ದು ಫೋನ್ ಇಸಕೊಂಡು ಒಂದೊಂದೇ ಅಕ್ಷರ ಒತ್ತಿದ. ‘ಹುಟ್ಟಿದ ವಾರವೇ ಕಿವಿ ಪರೀಕ್ಷೆ ಮಾಡಿಸು. ಕಿವಿಗೆ ಮಿಷನ್ ಹಾಕಿಸೋದಾದರೆ ಬೇಗ ಹಾಕಿಸು. ಕೈಮಾತು ನಾನು ಕಲಿಸುತ್ತೇನೆ. ಜ್ವರ ಅಂತ ಹೇಳಬೇಡ.’

ವರದಿ ಬರೋಕೆ ಎರಡು ತಿಂಗಳು ಹಿಡಿಯಿತು. ಪೂಜಾಳಲ್ಲೂ ಬಿಳಿ ಕಾಳು ಇತ್ತು, ರೇವಂತನಲ್ಲೂ ಇತ್ತು. ಹುಡುಗರು ಒಂದು ವಾರ ಯೋಚನೆ ಮಾಡಿದರು, ಮತ್ತೊಮ್ಮೆ ಡಾಕ್ಟರನ್ನು ಕಂಡು ಬಂದರು. ಬಂದವರೇ ಶಿವಮೂರ್ತಿಯ ಎದುರು ನಿಂತರು.

“ಮಾವ, ತಾರೀಖು ನೋಡ್ರಿ,” ಅಂದಳು ಪೂಜಾ. “ಗೊತ್ತಿದ್ದೇ ಆಗ್ತಿದೀವಿ. ಮುಚ್ಚಿಡೋದು ಮಾತ್ರ ಇನ್ನು ಬ್ಯಾಡ.”

ಶಿವಮೂರ್ತಿ ಅವ್ವನ ಮುಖ ನೋಡಿದ. ಹಂಪವ್ವ ಡ್ರಾಯಿಂಗ್ ಹಾಳೆ ತರಿಸಿ ತನ್ನ ಸುತ್ತಿನ ಮೇಲೆ ಬೆರಳಿಟ್ಟಳು. “ಪೂಜಾ, ನಿನಗೂ ರೇವಂತಂಗೂ ಬಂದದ್ದು ನನ್ನಿಂದಾನೇ ಅಲ್ವಾ? ನನ್ನ ಮುಷ್ಟೀಲಿ ಒಂದು ಹಳದಿ, ಒಂದು ಬಿಳಿ, ಇದನ್ನ ಅರ್ಧ ಕಪ್ಪು ಮಾಡು.”

ಪೂಜಾ ಅರ್ಧ ಕಪ್ಪು ಮಾಡಿ, ಆ ಎರಡು ಕಪ್ಪು ಚೌಕದ ಕೆಳಗೆ ‘ಹುಟ್ಟಿನಿಂದ’ ಅಂತ ಬರೆದಳು. ಓದಿ ಹೇಳು ಅಂದಳು ಹಂಪವ್ವ. ಪೂಜಾ ಗಟ್ಟಿಯಾಗಿ ಓದಿದಳು. ಹಂಪವ್ವ ಹಾಳೆ ಮಡಚಿ ಪೆಟ್ಟಿಗೆಯಲ್ಲಿಟ್ಟು, ಮೊದಲ ಲಗ್ನಪತ್ರಿಕೆ ಕೊಂಡಜ್ಜಿಗೆ ಹೋಗಬೇಕು, ತಾನೇ ಹೋಗಿ ಕೊಡ್ತೀನಿ ಅಂದಳು.