ಸಾಲಿ ಮೈದಾನದ ಖಂದಕ

ಬಿಂದುಮಾಧವರಾಯರ ಕಿವಿ ಪೂರ್ತಿ ಹೋಗಿ ಆರೇಳು ವರ್ಷಗಳಾಗಿದ್ದವು. ಧಾರವಾಡದಿಂದ ಪುಣೆಗೆ ಬಂದು, ಗುಮಾಸ್ತರಾಗಿ ದುಡಿದು ನಿವೃತ್ತರಾದವರು. ಶನಿವಾರ ಪೇಟೆಯ ಒಂದು ವಾಡೆಯ ಮಾಳಿಗೆಯಲ್ಲಿ ಅವರೂ ಹೆಂಡತಿ ಉಮಾವತಿಯೂ ಇಬ್ಬರೇ ಇದ್ದರು. ಹೆಂಡತಿಯ ತುಟಿ ನೋಡಿ ರಾಯರು ಮಾತು ತಿಳಿಯುತ್ತಿದ್ದರು. ಬೇರೆಯವರ ತುಟಿ ಅವರಿಗೆ ಅಷ್ಟಾಗಿ ಒಗ್ಗಿರಲಿಲ್ಲ.

ನಲವತ್ತೆರಡರ ಬೇಸಿಗೆ. ರಂಗೂನು ಬಿದ್ದ ಸುದ್ದಿ ಬಂದ ಮೇಲೆ ಪೇಟೆಯಲ್ಲೆಲ್ಲ ಬಾಂಬಿನದೇ ಮಾತು. ಕಿಟಕಿಗಳಿಗೆ ಕಪ್ಪು ಕಾಗದ ಬಂತು. ಕೆಳಗಿನ ಮನೆಯ ಮಾರ್ತಾಂಡ ಮಾಸ್ತರರು ತೋಳಿಗೆ ವಾರ್ಡನ್ ಪಟ್ಟಿ ಕಟ್ಟಿಕೊಂಡು ಮನೆಮನೆಗೆ ಹೇಳಿ ಹೋದರು. ವಿಮಾನದಾಳಿಯ ಎಚ್ಚರಿಕೆಯ ಭೋಂಗಾ ಕೂಗಿದ ಕೂಡಲೇ ಎಲ್ಲರೂ ಸಾಲಿ ಮೈದಾನದಲ್ಲಿ ತೋಡಿದ ಖಂದಕಕ್ಕೆ ಬರಬೇಕು.

"ಪುಣ್ಯಾದಾಗ ಜಪಾನ್ಯಾರಿಗೆ ಏನಿಟ್ಟದ?" ಎಂದು ರಾಯರು ನಕ್ಕರು.

"ಬರೂದಿಲ್ಲ ಅಂತ ಅವರು ನಿಮಗ ಹೇಳಿ ಕಳಿಸ್ಯಾರೇನು?" ಎಂದಳು ಉಮಾವತಿ.

ಮರುದಿನ ಬೆಳಿಗ್ಗೆ ಒಬ್ಬಳೇ ಹೋಗಿ ಖಂದಕ ನೋಡಿ ಬಂದಳು. ಓಣಿ ತಿರುಗಿ, ಮಾರುತಿ ಗುಡಿ ದಾಟಿ, ಮೈದಾನದ ಸಣ್ಣ ಗೇಟು. ಒಳಗೆ ಅಗೆದ ಮಣ್ಣಿನ ಗುಡ್ಡೆ, ಆಮೇಲೆ ಇಳಿಯಲು ಮಣ್ಣಿನದೇ ಮೆಟ್ಟಿಲು. ಮನೆಗೆ ಬಂದು ಒಂದು ಗಂಟು ಕಟ್ಟಿದಳು. ಅವಲಕ್ಕಿ ಚೂಡಾ, ನೀರಿನ ತಂಬಿಗೆ, ಗಂಡನ ದಮ್ಮಿನ ಔಷಧ. ಕಿವಿಗೆ ತುಂಬಲು ಅರಳೆ ಇರಲಿ ಎಂದು ಮಾಸ್ತರರು ಹೇಳಿದ್ದರು. ಅದನ್ನು ತನಗೆ ಮಾತ್ರ ಇಟ್ಟುಕೊಂಡಳು.

"ಕತ್ತಲಿಯೊಳಗ ನನ್ನ ಬಾಯಿ ನಿಮಗ ಕಾಣೂದಿಲ್ಲ," ಎಂದಳು. "ಕೈ ಹಿಡಕೋತೀನಿ. ಒಂದ್ಸಲ ಒತ್ತಿದ್ರ ನಿಲ್ರಿ. ಎರಡ್ಸಲ ಒತ್ತಿದ್ರ ನಡೀರಿ."

ಹಗಲು ಹೊತ್ತಿನಲ್ಲಿ ಇಬ್ಬರೂ ಹಾಗೆ ಕೈಹಿಡಿದು ನಡೆದು ನೋಡಿದರು. ಓಣಿಯ ಹೆಂಗಸರು ನಕ್ಕರು. ರಾಯರಿಗೆ ನಾಚಿಕೆಯಾಯಿತು.

ಒಂದು ಗುರುವಾರ ಊಟವಾಗುತ್ತಿದ್ದಂತೆ ಅಭ್ಯಾಸದ ಭೋಂಗಾ ಕೂಗಿತು. ದೀಪಗಳೆಲ್ಲ ಆರಿದವು, ಇಬ್ಬರೂ ಕೈಹಿಡಿದು ಹೊರಟರು. ಗೇಟಿನ ಬಳಿ ಜನ ಒಮ್ಮೆಲೇ ಒತ್ತಿಕೊಂಡು ಬಂದಾಗ ಕೈ ತಪ್ಪಿತು. ಉಮಾವತಿ ಮಣ್ಣಿನ ಗುಡ್ಡೆಗೆ ಎಡವಿ ಬಿದ್ದಳು.

"ನಿಲ್ರೀ! ಸ್ವಲ್ಪ ನಿಲ್ರೀ!" ಎಂದು ಕೂಗಿದಳು.

ದಾರಿ ಕಿರಿದೆಂದು ಹೆಂಡತಿ ತಾನೇ ಕೈ ಬಿಟ್ಟಿರಬೇಕು ಎಂದುಕೊಂಡ ರಾಯರು, ಕಲಿತ ದಾರಿಯಲ್ಲೇ ಮುಂದೆ ಹೋಗಿ ಖಂದಕಕ್ಕೆ ಇಳಿದರು. ಪಕ್ಕದಲ್ಲಿ ಹೆಗಲ ಮೇಲಿನ ಪಂಚೆ ಹಾಸಿ ಅವಳಿಗೆ ಜಾಗ ಹಿಡಿದು ಕೂತರು. ಕೊನೆಗೆ ಕಂದೀಲು ಹಚ್ಚಿದಾಗ ಆ ಜಾಗ ಖಾಲಿಯೇ ಇತ್ತು.

ಅಷ್ಟರಲ್ಲಿ ಮಾಸ್ತರರ ಹೆಂಡತಿ ಗೋದಾಬಾಯಿ ಮಣ್ಣಿನ ಗುಡ್ಡೆಯ ಬಳಿ ಉಮಾವತಿಯ ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಉಮಾವತಿಯ ತೊಡೆಯ ಎಲುಬು ಮುರಿದಿತ್ತು. ಈ ವಯಸ್ಸಿಗೆ ಅದು ಕೂಡುವುದು ಕಷ್ಟ ಎಂದು ಡಾಕ್ಟರು ಹೇಳಿ ಹೋದರು.

ಮೂರನೆಯ ದಿನ ರಾಯರು ಹಾಸಿಗೆಯ ಬಳಿ ಕೂತು ಕೇಳಿದರು, "ಬಿದ್ದಾಗ ಕೂಗಿದೇನು?"

ಉಮಾವತಿ ಮುಖವನ್ನು ಅವರ ಕಡೆ ಪೂರ್ತಿ ತಿರುಗಿಸಿದಳು. "ಇಲ್ರಿ. ಬಿದ್ದ ಕೂಡ್ಲೆ ಎಚ್ಚರ ತಪ್ತು."

ಒಲೆಯ ಮುಂದೆ ಗಂಜಿ ಕಾಯಿಸುತ್ತಿದ್ದ ಗೋದಾಬಾಯಿ ತಲೆ ಎತ್ತಲಿಲ್ಲ.

ಮಳೆ ಹಿಡಿದ ಮೇಲೆ ಮತ್ತೊಮ್ಮೆ ಭೋಂಗಾ ಕೂಗಿತು. ಮಾಸ್ತರರು ಮೇಲೆ ಬಂದು ರಾಯರ ಭುಜ ಮುಟ್ಟಿ ಬಾಗಿಲು ತೋರಿಸಿದರು. "ಇವರ ಕೂಡ ಹೋಗ್ರಿ," ಎಂದಳು ಉಮಾವತಿ. ರಾಯರು ದೀಪ ಆರಿಸಿ ಹಾಸಿಗೆಯ ಪಕ್ಕ ಕೂತರು. ಕತ್ತಲೆಯಲ್ಲಿ ಅವಳು ಅವರ ಕೈಯನ್ನು ಎರಡು ಸಲ ಒತ್ತಿದಳು, ಮತ್ತೆ ಎರಡು ಸಲ. ಅವರು ಏಳಲಿಲ್ಲ.

ಶ್ರಾವಣದಲ್ಲಿ, ಮಲಗಿದಲ್ಲೇ ಮಲಗಿ ಆದ ಬೆನ್ನಿನ ಹುಣ್ಣು ಕೀವಾಗಿ, ಜ್ವರ ಏರಿ ಅವಳು ಹೋದಳು. ಪುಣೆಯ ಮೇಲೆ ಬಾಂಬು ಬೀಳಲೇ ಇಲ್ಲ.

ಗೋದಾಬಾಯಿ ದಿನಾ ಊಟ ತಂದಿಡುತ್ತಿದ್ದರು. ಒಂದು ಮಧ್ಯಾಹ್ನ ರಾಯರು ತಾಟು ಮುಟ್ಟದೆ ಅವರನ್ನೇ ನೋಡಿದರು.

"ನೀವು ಅಲ್ಲೇ ಇದ್ರಿ. ಆಕಿ ಏನಂತ ಕೂಗಿದ್ಲು?"

ಗೋದಾಬಾಯಿ ಅವರ ಎದುರಿಗೆ ಕೂತರು.

"ನಿಲ್ರಿ ಅಂತ," ಎಂದರು.

ಅವರ ತುಟಿ ರಾಯರಿಗೆ ತಿಳಿಯಲಿಲ್ಲ. "ಮತ್ತೊಮ್ಮೆ ಹೇಳ್ರಿ. ಸಾವಕಾಶ."

ಗೋದಾಬಾಯಿ ಇನ್ನೊಮ್ಮೆ ಹೇಳಿದರು. ರಾಯರು ತಿಳಿಯಿತೆಂದು ತಲೆಯಾಡಿಸಿ ತಾಟನ್ನು ಹತ್ತಿರ ಎಳೆದುಕೊಂಡರು. ಅನ್ನ ಕಲಸಿದರು, ಉಣ್ಣಲಿಲ್ಲ.