ಪಿಚ್ಚರು ಮುಗಿಯುವ ಮುನ್ನ

ಅನ್ನವ್ವ ಅತ್ತೆಯ ತಲೆಯ ಮೇಲೆ ಎರಡನೆಯ ತಂಬಿಗೆ ನೀರು ಹುಯ್ಯುತ್ತಿದ್ದಾಗ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ತಿರುಗಿ ನೋಡಿದರೆ ಪಕ್ಕದ ಮನೆಯ ಸಿದ್ದಕ್ಕ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ತಪ್ಪ ತಿಳೀಬ್ಯಾಡವ್ವಾ. ಜೀವ ಇದ್ದಿದ್ದರ ತಂಗೆವ್ವ ಈಗ ಎದ್ದು ಕುಂತು, 'ನೀರ ಕಾಸೂದೂ ಬರೂದಿಲ್ಲೇನ ನಿನಗ' ಅಂತಿದ್ದಳು."

ಮೀಯಿಸಲು ಬಂದ ಹೆಂಗಸರೆಲ್ಲ ನಕ್ಕರು. ಅನ್ನವ್ವ ನಗಲಿಲ್ಲ. ಬೆಳಗಿನಿಂದ ಅತ್ತೂ ಇರಲಿಲ್ಲ. ಅದನ್ನು ಓಣಿಯ ನಾಲ್ಕು ಮಂದಿ ಆಗಲೇ ಗಮನಿಸಿ ಪಿಸುಗುಟ್ಟಿದ್ದರು. ಅತ್ತೆ ಸೊಸೆ ಒಂದೇ ಒಲೆಯ ಮುಂದೆ ಹದಿನಾರು ವರ್ಷ ಕಳೆದಿದ್ದರು. ಮೊದಲ ಹದಿಮೂರು ವರ್ಷ ತಂಗೆವ್ವನ ನಾಲಗೆ ಕಾದ ಹಂಚಿನಂತಿತ್ತು. ಕೊನೆಯ ಮೂರು ವರ್ಷ ಅದು ಹೇಗೋ ತಣ್ಣಗಾಗಿತ್ತು. ಯಾವ ತಂಗೆವ್ವನನ್ನು ನೆನೆದು ಅಳಬೇಕೆಂಬುದೇ ಸೊಸೆಗೆ ತಿಳಿಯದಾಗಿತ್ತು.

ಮೀಯಿಸಿದ ಮೇಲೆ ಮುದುಕಿಗೆ ಹಸಿರು ಇಳಕಲ್ ಸೀರೆ ಉಡಿಸಿ, ಹಣೆತುಂಬ ಭಂಡಾರದ ಅರಿಸಿನ ಬಳಿದು, ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದರು. ಅಂಗಳದಲ್ಲಿ ಗಂಡಸರು ಡೊಳ್ಳುಗಳನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದರು. ಅನ್ನವ್ವನ ಗಂಡ ರೇವಪ್ಪ, ಹೆಣ ಹೊರುವ ಬಿದಿರ ಕುರ್ಚಿ ಕಟ್ಟುವವರ ಹತ್ತಿರ ಕೂತಿದ್ದ.

"ಪಿಚ್ಚರದ ಹುಚ್ಚಿ ಹೊಂಟಳಲ್ಲೋ ರೇವಪ್ಪಾ," ಅಂದ ಮುದುಕ ಕರೆಪ್ಪ. "ಒಂದ ಪಿಚ್ಚರ ಆರ ಸಲ ನೋಡಿದಾಕಿ ಈ ಜಮಖಂಡ್ಯಾಗ ಮತ್ತ ಯಾರದಾರ?"

"ಆರೂ ಸಲ ಅರ್ಧಾಕ್ಕ ಎದ್ದ ಬಂದಾಳ," ಅಂದ ರೇವಪ್ಪ. ಅವನಿಗೂ ನಗು ಬಂತು.

* * *

ಮೂರು ವರ್ಷದ ಹಿಂದಿನ ಮಾತು. ಆಗ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಐದು ವರ್ಷವಾಗಿತ್ತು. ಸಂತೆಯ ಬಯಲಿನಲ್ಲಿ ಟೆಂಟು ಹಾಕಿ ಒಂದು ಮರಾಠಿ ಪಿಚ್ಚರು ತೋರಿಸುತ್ತಿದ್ದರು. ಗಯ್ಯಾಳಿ ಅತ್ತೆ, ಮೂಕಬಸವನಂಥ ಸೊಸೆಯ ಕತೆ. ತಂಗೆವ್ವ ಮೊದಲ ಸಲ ಸಿದ್ದಕ್ಕನ ಜೊತೆ ಹೋದಳು. ಮರಳಿ ಬಂದವಳು ಎರಡು ದಿನ ಯಾರನ್ನೂ ಬೈಯಲಿಲ್ಲ. ಜ್ವರ ಬಂದಿದೆಯೇನೋ ಎಂದು ರೇವಪ್ಪ ಹಣೆ ಮುಟ್ಟಿ ನೋಡಿದ.

ಮೂರನೆಯ ದಿನ ಸೊಸೆಗೆ ಅಂದಳು: "ಛಲೋ ಸೀರಿ ಉಟ್ಕೊ. ಪಿಚ್ಚರಕ್ಕ ಹೋಗೂಣ."

ಅನ್ನವ್ವ ಹೆದರಿಕೊಂಡೇ ಹೋದಳು. ಪರದೆಯ ಮೇಲೆ ಅತ್ತೆ, ಸೊಸೆಯ ಮುಂದಿನ ತಾಟು ಕಸಿದುಕೊಂಡಳು. ಟೆಂಟಿನ ತುಂಬ ಹೆಂಗಸರು ಶಾಪ ಹಾಕಿದರು. "ಅಕಿ ಕೈಗಿ ಹುಳಾ ಬೀಳ್ಲಿ!" ಅಂದಳು ಮುಂದೆ ಕೂತಿದ್ದ ಒಬ್ಬಳು. ಅನ್ನವ್ವ ಸೆರಗಿನ ಚುಂಗನ್ನು ಅಂಗೈಯಲ್ಲಿ ಮುದುರಿಕೊಂಡಳು. ಬಸಿರಿಯಾಗಿದ್ದಾಗ ಒಮ್ಮೆ ತನ್ನ ಮುಂದಿನ ತಾಟೂ ಹಾಗೇ ಸರಿದಿತ್ತು. ಪಕ್ಕಕ್ಕೆ ನೋಡುವ ಧೈರ್ಯವಾಗಲಿಲ್ಲ. ಆಗ ಕತ್ತಲಲ್ಲಿ ಒಂದು ಒರಟು ಕೈ ಬಂದು ಅವಳ ಅಂಗೈ ಬಿಡಿಸಿ, ಹುರಿದ ಶೇಂಗಾ ಸುರಿದು ಹೋಯಿತು. ತಂಗೆವ್ವನ ಕಣ್ಣು ಪರದೆಯ ಮೇಲೇ ಇತ್ತು.

ಪರದೆಯ ಮೇಲಿನ ಅತ್ತೆ ಕಾಯಿಲೆ ಬಿದ್ದದ್ದೇ ತಡ, ತಂಗೆವ್ವ ಎದ್ದಳು. "ಏಳಬೇ, ಹಾಲಿಗಿ ಹೆಪ್ಪ ಹಾಕಿಲ್ಲ."

ಆಮೇಲೆ ಅತ್ತೆ ಸೊಸೆ ಮತ್ತೆ ನಾಲ್ಕು ಸಲ ಹೋದರು. ಪ್ರತಿ ಸಲವೂ ಅದೇ ಜಾಗದಲ್ಲಿ ತಂಗೆವ್ವ ಏಳುತ್ತಿದ್ದಳು. ಒಮ್ಮೆ ಕುರಿಹಟ್ಟಿಯ ಬಾಗಿಲು ತೆರೆದಿಟ್ಟು ಬಂದಿದ್ದಳಂತೆ, ಒಮ್ಮೆ ಮೊಣಕಾಲು ನೋವಂತೆ. ಒಮ್ಮೆಯಂತೂ ತಮ್ಮ ಮನೆಯ ನಾಯಿ ಬೊಗಳಿದ್ದು ಕೇಳಿಸಿತಂತೆ, ಅರ್ಧ ಮೈಲಿ ದೂರದಿಂದ! ಬಾಗಿಲಲ್ಲಿ ಟಿಕೇಟು ಹರಿಯುವ ಹಣಮಂತ, "ಇವತ್ತ ಏನ ನೆವಾ ಬೇ ಯವ್ವಾ?" ಎಂದು ಕೇಳಿ ನಗುತ್ತಿದ್ದ.

ಆ ವರ್ಷದಿಂದ ಹಂಚಿನಿಂದ ಇಳಿದ ಮೊದಲ ರೊಟ್ಟಿ ಅನ್ನವ್ವನ ತಾಟಿಗೆ ಬೀಳತೊಡಗಿತು. ಯಾಕೆಂದು ಅವಳು ಕೇಳಲಿಲ್ಲ. ಮುದುಕಿ ಹೇಳಲೂ ಇಲ್ಲ.

* * *

ಮಧ್ಯಾಹ್ನ ಬಿಸಿಲು ಇಳಿಯುವ ಹೊತ್ತಿಗೆ ಹಣಮಂತ ಬಂದ. ಟೆಂಟು ಈಗ ಮುಧೋಳದಲ್ಲಿತ್ತು. ಸುದ್ದಿ ಕೇಳಿ ಬಸ್ಸು ಹತ್ತಿ ಬಂದಿದ್ದ. ಮುದುಕಿಯ ಮುಂದೆ ಕೈ ಮುಗಿದು, ಸಿದ್ದಕ್ಕನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಹಣಮಂತಣ್ಣಾ," ಅನ್ನವ್ವ ತಡೆಯಲಾರದೆ ಕೇಳಿದಳು, "ಕಡೀಕ ಏನ ಆಗತೈತೋ ಆ ಪಿಚ್ಚರದಾಗ?"

"ನಿಮಗ ಗೊತ್ತಿಲ್ಲೇನ್ರಿ ಅಕ್ಕಾರ? ಅತ್ತಿ ತೆವಳಿಕೋತ ಬಂದು ಸೊಸಿ ಕಾಲ ಹಿಡೀತಾಳ್ರಿ. ನಂದ ತಪ್ಪಾತು ಅಂತಾಳ."

ಅನ್ನವ್ವ ಸಿದ್ದಕ್ಕನ ಕಡೆ ನೋಡಿದಳು. ಸಿದ್ದಕ್ಕ ನೆಲ ನೋಡಿದಳು.

"ಮೊದಲ್ನೇ ದಿನ ನನ್ನ ಬಾಜೂಕ ಕುಂತು ಪೂರಾ ನೋಡಿದ್ದಳವ್ವಾ. ಬಿಕ್ಕಿ ಬಿಕ್ಕಿ ಅತ್ತಳು. ಯಾರ ಮುಂದೂ ಹೇಳಬ್ಯಾಡ ಅಂತ ಬೀರಪ್ಪ ದೇವರ ಆಣಿ ಹಾಕಿಸಿಕೊಂಡಳು."

"ನನಗ ಒಮ್ಮಿ ಕೇಳಿದ್ರು," ಅಂದ ಹಣಮಂತ. "'ಆ ಕಡೀ ತುಕಡಾ ಬಿಟ್ಟ ತೋರಸಾಕ ಬರತೈತೇನೋ' ಅಂತ. ಬರೂದಿಲ್ಲಬೇ ಅಂದೆ. 'ಹಂಗಾರ ನಾನ ಎದ್ದ ಹೋಗತೇನಿ. ಸೊಸಿ ಬಾಜೂಕ ಕುಂತು ಅದನ್ನ ನೋಡಿದ್ರ, ನಾನೂ ಕಾಲ ಹಿಡೀಬೇಕಾಗತೈತಿ' ಅಂದ್ರು."

 ಅನ್ನವ್ವನ ಭುಜಗಳು ಅಲುಗಿದವು.

"ಹಾಲಿಗಿ ಹೆಪ್ಪಂತ," ಅಂದಳು. "ಆವತ್ತ ಮನ್ಯಾಗ ಹಾಲ ಇದ್ದಿದ್ದಿಲ್ಲೋ ಅಣ್ಣಾ! ಎಲ್ಲಾ ಕುರಿಮರಿ ಕುಡದಿದ್ದವು!"

ಅವಳು ನಕ್ಕಳು. ಸಿದ್ದಕ್ಕ ನಕ್ಕಳು, ಅಂಗಳದ ಗಂಡಸರೂ ತಿರುಗಿ ನೋಡಿದರು. ನಗುತ್ತ ನಗುತ್ತಲೇ ಅನ್ನವ್ವನ ದನಿ ಒಡೆಯಿತು. ಬೆಳಗಿನಿಂದ ಬಾರದ ಅಳು ಒಮ್ಮೆಲೇ ನುಗ್ಗಿ ಬಂತು. ಅಳುತ್ತಲೇ ಮತ್ತೆ ನಗುತ್ತಿದ್ದಳು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ.

ಡೊಳ್ಳು ಮೊಳಗಿದವು. ಬಿದಿರ ಕುರ್ಚಿಯಲ್ಲಿ ಮುದುಕಿಯನ್ನು ಕೂರಿಸಿ ನಾಲ್ವರು ಹೆಗಲು ಕೊಟ್ಟರು. ಹೊಸ್ತಿಲು ದಾಟುವಾಗ ಕುರ್ಚಿ ವಾಲಿ, ತಂಗೆವ್ವನ ತಲೆ ಪಕ್ಕಕ್ಕೆ ಸರಿಯಿತು.

"ನಿಂದರ್ರಿ," ಅಂದಳು ಅನ್ನವ್ವ.

ಗಂಡಸರ ನಡುವೆ ನುಗ್ಗಿ, ಎರಡೂ ಕೈಯಿಂದ ಆ ತಲೆಯನ್ನು ಎತ್ತಿ ನೆಟ್ಟಗೆ ಮಾಡಿದಳು. ಒಂದು ಕೈ ತೆಗೆದಳು. ಇನ್ನೊಂದನ್ನು ಅತ್ತೆಯ ಕೆನ್ನೆಯಿಂದ ತೆಗೆಯಲೇ ಇಲ್ಲ. ಭಂಡಾರ ಅವಳ ಮೊಣಕೈವರೆಗೆ ಉದುರುತ್ತಿತ್ತು. ಹೊತ್ತವರು ಅವಳ ಹೆಜ್ಜೆ ನೋಡಿಕೊಂಡು ತಮ್ಮ ಹೆಜ್ಜೆ ಸಣ್ಣದು ಮಾಡಿದರು.