ಅರಿಸಿನದ ಬಟ್ಟೆಯಲ್ಲಿ ಖಜಾನೆಯ ಚೆಕ್ಕು

ದೇವರ ಮುಂದೆ ಕಟ್ಟಿಟ್ಟ ಮುಡಿಪನ್ನು ಹರಕೆ ತೀರುವವರೆಗೆ ಬಿಚ್ಚಬಾರದು. ಬದರಿನಾಥ ಬಿಚ್ಚಲಿಲ್ಲ. ಅಮೆರಿಕದ ಟೋಟೆಮ್ ಲೇಕ್ ಎಂಬ ಬಡಾವಣೆಯ ಎರಡನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿ, ಅಡುಗೆಮನೆಯ ಕಪಾಟೊಂದನ್ನು ತೆರವು ಮಾಡಿ ಮಾಡಿಕೊಂಡ ದೇವರ ಗೂಡಿನಲ್ಲಿ, ವೆಂಕಟರಮಣನ ಪಟದ ಹಿಂದೆ ಆ ಅರಿಸಿನದ ಬಟ್ಟೆಯ ಗಂಟು ಮೂರು ವರ್ಷ ಎಂಟು ತಿಂಗಳು ಕೂತಿತ್ತು. ದಿನಾ ಬೆಳಿಗ್ಗೆ ಅವನು ಹೊಗೆಯ ಅಲಾರಂಗೆ ಪ್ಲಾಸ್ಟಿಕ್ ಟೋಪಿ ತೊಡಿಸಿ, ಮಂಗಳಾರತಿ ಮಾಡಿ, ಗಂಟಿನ ಮೇಲೂ ಎರಡು ಅಕ್ಷತೆ ಹಾಕುತ್ತಿದ್ದ. ಅವನ ಹೆಂಡತಿ ವಸಂತಲಕ್ಷ್ಮಿ ಪಟ ಒರೆಸುವಾಗ ಗಂಟನ್ನು ಎತ್ತಿ ಪಕ್ಕಕ್ಕಿಟ್ಟು, ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದಳು. ಒಳಗೇನಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಸಾವಿರದ ಐನೂರು ಡಾಲರಿನ ಸರ್ಕಾರಿ ಚೆಕ್ಕು.

ಅದು ಬಂದದ್ದು ಎರಡು ಸಾವಿರದ ಎಂಟರ ಜೂನಿನಲ್ಲಿ. ದೇಶದ ವ್ಯಾಪಾರ ಕುಸಿಯುತ್ತಿದೆ, ತೆರಿಗೆ ಕಟ್ಟಿದವರಿಗೆಲ್ಲ ಇಷ್ಟಿಷ್ಟು ಕಳಿಸುತ್ತೇವೆ, ಖರ್ಚು ಮಾಡಿ ಎಂದಿತ್ತು ಸರ್ಕಾರ. ಗಂಡನಿಗೆ ಆರುನೂರು, ಹೆಂಡತಿಗೆ ಆರುನೂರು, ಮಗುವಿಗೆ ಮುನ್ನೂರು. ಚೆಕ್ಕಿಗಿಂತ ಮೊದಲು ಚೆಕ್ಕು ಬರುತ್ತದೆ ಎಂದು ತಿಳಿಸುವ ಕಾಗದವೊಂದು ಬಂತು.

"ನೋಡು, ಕೊಡ್ತೀನಿ ಅಂತ ಹೇಳೋಕೇ ಒಂದು ಸ್ಟ್ಯಾಂಪು ದಂಡ," ಎಂದ ಬದರಿನಾಥ. "ನನ್ನ ಜೇಬಿಂದ ತಗೊಂಡಿದ್ದನ್ನ ನನಗೇ ಕೊಟ್ಟು ಉಪಕಾರ ಅಂತಾರೆ. ಅದೂ ಇವರ ಹತ್ರ ಇದ್ದಿದ್ದಾ? ಸಾಲ ಮಾಡಿ ಕೊಡೋದು. ತೀರಿಸೋಳು ಯಾರು? ಜಾಹ್ನವಿ."

ಐದು ವರ್ಷದ ಮಗಳು ತನ್ನ ಹೆಸರು ಕೇಳಿ ತಲೆಯೆತ್ತಿ, ಮತ್ತೆ ಬಣ್ಣದ ಪೆನ್ಸಿಲಿಗೆ ಮರಳಿದಳು.

ವಸಂತಲಕ್ಷ್ಮಿಗೆ ಆ ಚೆಕ್ಕು ಬೇರೆಯೇ ಆಗಿ ಕಂಡಿತ್ತು. ಮೈಸೂರಿನ ನರ್ಸಿಂಗ್ ಹೋಮೊಂದರ ಲ್ಯಾಬಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವಳು ಅವಳು. ರಕ್ತದ ಹನಿಯನ್ನು ಗಾಜಿನ ಮೇಲೆ ಎಳೆದರೆ ತೆಳ್ಳಗೆ, ಒಂದೇ ಸಮ, ಅಂಚಿನಲ್ಲಿ ಗರಿಯ ಹಾಗೆ ಮುಗಿಯುತ್ತಿತ್ತು, ಡಾಕ್ಟರೇ ಹೊಗಳುತ್ತಿದ್ದರು. ಅಮೆರಿಕಕ್ಕೆ ಬಂದ ಮೇಲೆ ಏಳು ವರ್ಷ ಕೆಲಸ ಮಾಡಲು ಅನುಮತಿಯಿರಲಿಲ್ಲ. ಹಿಂದಿನ ವರ್ಷ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ ಮೇಲಷ್ಟೇ ಅವಳ ಹೆಸರಿನಲ್ಲೂ ಕೆಲಸದ ಪರ್ಮಿಟ್ಟು, ಒಂದು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬಂದಿದ್ದವು. ಅವು ಕೈಗೆ ಸಿಕ್ಕ ವಾರವೇ ಊರಾಚೆಯ ಸಮುದಾಯ ಕಾಲೇಜೊಂದಕ್ಕೆ ಹೋಗಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಹೆಸರು ಬರೆಸಿದ್ದಳು. ಇಪ್ಪತ್ತನಾಲ್ಕೇ ಸೀಟು. ಅವಳಿಗೊಂದು ಸಿಕ್ಕಿತು. ಮೊದಲ ಕಂತು ಸಾವಿರದ ನಾನೂರ ಚಿಲ್ಲರೆ, ಜೂನ್ ಮೂವತ್ತರೊಳಗೆ ಕಟ್ಟಬೇಕು. ಸಂಬಳದಿಂದ ಕೇಳುವ ಹಾಗಿರಲಿಲ್ಲ. ಬಾಡಿಗೆ ಕಳೆದು ಉಳಿದದ್ದೆಲ್ಲ ಮೈಸೂರಿನ ಸೈಟಿನ ಕಂತಿಗೆ ಹೋಗುತ್ತಿತ್ತು. ಆ ಸೈಟು ಬದರಿನಾಥನ ಹೆಸರಿನಲ್ಲಿತ್ತು.

"ರೀ, ಇದು ಲೆಕ್ಕಕ್ಕೇ ಇಲ್ಲದ ದುಡ್ಡು," ಎಂದಳು. "ನಿಮ್ಮ ಸಂಬಳದ್ದಲ್ಲ. ನನ್ನ ಹೆಸರೂ ಇದೆ ನೋಡಿ ಇದರ ಮೇಲೆ. ಸೈನ್ ಹಾಕ್ಕೊಡಿ, ಫೀಸ್ ಕಟ್ಟಿ ಬರ್ತೀನಿ."

ಬದರಿನಾಥ ಚೆಕ್ಕನ್ನು ಬೆಳಕಿಗೆ ಹಿಡಿದು ನೋಡಿದ.

"ಇದು ರಾಜನ ಕೈಯಿಂದ ಬಂದ ದಾನ, ವಸಂತಾ. ದಾನ ತಗೊಂಡ್ರೆ ಕೊಟ್ಟೋನ ಪಾಪಾನೂ ತಗೊಂಡ ಹಾಗೆ. ನಮ್ಮ ತಾತ ಪೌರೋಹಿತ್ಯ ಮಾಡ್ಕೊಂಡೇ ಬದುಕಿದ್ರು, ಆದ್ರೆ ಎಳ್ಳುದಾನಕ್ಕೆ ಒಂದು ದಿನಾನೂ ಕೈ ಚಾಚಲಿಲ್ಲ. ದೊಡ್ಡವರ ಮನೇಲಿ ಬಲವಂತವಾಗಿ ಕೊಟ್ಟ ಬೆಳ್ಳಿ ರೂಪಾಯಿನ ದಾರಿ ಮೇಲಿನ ಬಾವಿಗೆ ಹಾಕಿ ಬಂದ್ರಂತೆ."

"ನಿಮ್ಮ ತಾತ ಯಾರ ಫೀಸೂ ಕಟ್ಟಬೇಕಾಗಿರಲಿಲ್ಲ."

ಅವನು ನಗಲಿಲ್ಲ. ನಿಜವಾದ ಮಾತು ಬಂದದ್ದು ಅಂದು ರಾತ್ರಿಯ ಊಟದಲ್ಲಿ. ಅವನ ಜೊತೆ ಒಂದೇ ಕಾರಿನಲ್ಲಿ ಸೇತುವೆಯಾಚೆಯ ಫ್ರೀಮಾಂಟಿನ ಆಫೀಸಿಗೆ ಹೋಗಿಬರುವವರಲ್ಲಿ ಯಾರೋ ಹೇಳಿದ್ದರಂತೆ: ಸರ್ಕಾರದ ಕೈ ನೋಡಿಕೊಂಡು ಬದುಕುವವರಿಗೆ ಗ್ರೀನ್ ಕಾರ್ಡ್ ಕೊಡುವುದಿಲ್ಲ, ಈ ಚೆಕ್ಕು ಬ್ಯಾಂಕಿಗೆ ಹಾಕಿದವರ ಪಟ್ಟಿ ಎಲ್ಲೋ ತಯಾರಾಗುತ್ತದೆ, ನಾಳೆ ಇಂಟರ್‌ವ್ಯೂನಲ್ಲಿ ಕೇಳುತ್ತಾರೆ.

"ಲಾಯರ್‌ನ ಒಂದು ಮಾತು ಕೇಳಿ."

"ಲಾಯರ್ ಕಂಪನಿಯೋನು. ಕೇಳಿದ್ರೆ ಕಂಪನಿಗೆ ಗೊತ್ತಾಗುತ್ತೆ. ಇವನಿಗೇನು ಸಂಬಳ ಸಾಲ್ದಾ ಅಂತಾರೆ."

"ಜಯಂತ್ ಹಾಕಿದಾರಲ್ಲ? ಟೀವೀನೂ ತಂದಾಯ್ತು."

ಜಯಂತ್ ಅದೇ ಕಾರಿನ ಇನ್ನೊಬ್ಬ, ಅದೇ ಕಟ್ಟಡದ ಕೆಳಗಿನ ಮನೆಯವನು. ಬ್ಯಾಂಕಿನಿಂದ ನೇರ ಅಂಗಡಿಗೆ ಹೋಗಿ ಗೋಡೆಯಗಲದ ಟೀವಿ ತಂದು, ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ "ಅಮೆರಿಕದ ಆರ್ಥಿಕತೆ ನಾನೇ ಎತ್ತಿ ನಿಲ್ಲಿಸಿದೆ" ಎನ್ನುತ್ತಿದ್ದ.

"ಜಯಂತನಿಗೆ ತಲೆ ಇಲ್ಲ," ಎಂದ ಬದರಿನಾಥ.

ಜೂನ್ ಇಪ್ಪತ್ತೆಂಟು ಶನಿವಾರ. ಅವನು ಸ್ನಾನ ಮಾಡಿ, ಬಿಳಿ ಕರವಸ್ತ್ರವೊಂದನ್ನು ಅರಿಸಿನ ನೀರಿನಲ್ಲಿ ಅದ್ದಿ ಒಣಗಿಸಿ, ಒಂದು ರೂಪಾಯಿ ನಾಣ್ಯದ ಜೊತೆ ಚೆಕ್ಕನ್ನಿಟ್ಟು ಮೂರು ಗಂಟು ಹಾಕಿದ. ಗ್ರೀನ್ ಕಾರ್ಡ್ ಬಂದ ದಿನ ಬಿಚ್ಚಿ ತಿರುಪತಿಯ ಹುಂಡಿಗೆ ಸಲ್ಲಿಸುತ್ತೇನೆ ಎಂದು ಸಂಕಲ್ಪ ಮಾಡಿದ. ತಾನು ತಿಂದ ಹಾಗೂ ಆಗಲಿಲ್ಲ, ತಿರಸ್ಕರಿಸಿದ ಹಾಗೂ ಆಗಲಿಲ್ಲ. ಸಂಕಲ್ಪದಲ್ಲಿ ಹೆಂಡತಿಯ ಹೆಸರನ್ನೂ ಸೇರಿಸಿ ಹೇಳಿದ. ಅವಳು ಅಡುಗೆಮನೆಯ ಆ ಬದಿ ನಿಂತು ಕೇಳಿಸಿಕೊಂಡಳು. ದೇವರಿಗೆ ಮುಡಿಪಾದದ್ದನ್ನು ಕೇಳುವುದು ಹೇಗೆ? ಅವಳೂ ಭಕ್ತೆಯೇ. ಸೋಮವಾರ ಸಂಜೆ ಐದಕ್ಕೆ ಕಾಲೇಜಿನ ಕೌಂಟರು ಮುಚ್ಚಿತು. ಅವಳ ಸೀಟು ಇಪ್ಪತ್ತೈದನೆಯವರಿಗೆ ಹೋಯಿತು.

ಮುಂದಿನ ವರ್ಷ ಕಟ್ಟೋಣ ಎಂದಿದ್ದ. ಮುಂದಿನ ವರ್ಷ ಆಫೀಸಿನಲ್ಲಿ ನೂರಾರು ಜನರನ್ನು ತೆಗೆದರು. ಅವನ ಕೆಲಸ ಉಳಿಯಿತು, ಧೈರ್ಯ ಉಳಿಯಲಿಲ್ಲ. ಅದರ ಮುಂದಿನ ವರ್ಷ ಸೈಟಿಗೆ ಕಾಂಪೌಂಡು ಹಾಕಿಸಬೇಕಾಯಿತು. ಮನುಷ್ಯ ತನ್ನ ಭಯಕ್ಕೆ ಮಡಿಬಟ್ಟೆ ಉಡಿಸಿ ದೇವರ ಕೋಣೆಯಲ್ಲಿ ಕೂರಿಸಿಬಿಟ್ಟರೆ ಅದನ್ನು ಎಬ್ಬಿಸುವವರಿಲ್ಲ. ಮುಟ್ಟಿದರೆ ಮೈಲಿಗೆ.

ಎರಡು ಸಾವಿರದ ಹನ್ನೆರಡರ ಫೆಬ್ರವರಿಯಲ್ಲಿ ಗ್ರೀನ್ ಕಾರ್ಡುಗಳು ಟಪಾಲಿನಲ್ಲಿ ಬಂದವು. ಇಂಟರ್‌ವ್ಯೂ ನಡೆಯಲೇ ಇಲ್ಲ. ಯಾರೂ ಯಾವ ಚೆಕ್ಕಿನ ಮಾತನ್ನೂ ಎತ್ತಲಿಲ್ಲ. ಅದೇ ವಾರ ಕೆಳಗಿನ ಮನೆಗೂ ಬಂದವು.

"ನನ್ನ ಟೀವೀನ ಅವರು ಕ್ಷಮಿಸಿದಾರೆ ಗುರೂ!" ಎನ್ನುತ್ತ ಜಯಂತ್ ಪೇಡೆಯ ಡಬ್ಬಿ ಹಿಡಿದು ಮೇಲೆ ಬಂದ. "ಆಫೀಸಿಗೆ ಹೋಗೋ ಐದು ಇಪ್ಪತ್ತನೇ ನಂಬರ್ ಹೆದ್ದಾರಿ ಸೇತುವೆಗೆ ಈಗ ಟೋಲ್ ಬೇರೆ ಹಾಕಿದಾರೆ. ಕೊಟ್ಟಿದ್ದನ್ನೆಲ್ಲ ದಿನಾ ಸ್ವಲ್ಪ ಸ್ವಲ್ಪ ವಾಪಸ್ ತಗೋತಿದಾರೆ, ನೀನು ಹೇಳಿದ್ದೇ ಸರಿ. ಎಲ್ಲಿ, ನಿನ್ನ ಗಂಟು ಬಿಚ್ಚು, ನೋಡೋಣ."

ಬದರಿನಾಥ ಪಂಚೆಯುಟ್ಟು ಕೂತು, ಮೂರು ಗಂಟುಗಳನ್ನೂ ಉಗುರಿನಿಂದ ನಿಧಾನವಾಗಿ ಬಿಡಿಸಿದ. ಚೆಕ್ಕಿನ ಅಂಚಿಗೆ ಅರಿಸಿನ ಹತ್ತಿತ್ತು. ಅವನು ಅದನ್ನು ಕಣ್ಣಿಗೊತ್ತಿಕೊಂಡ. ಈಗ ಎಂಟು ತುಂಬಿದ ಜಾಹ್ನವಿ ಅವನ ಭುಜದ ಮೇಲಿಂದ ಬಗ್ಗಿ, ಕಂಡ ಅಕ್ಷರವನ್ನೆಲ್ಲ ಓದುವ ವಯಸ್ಸಿನವಳಾದ್ದರಿಂದ, ಗಟ್ಟಿಯಾಗಿ ಓದಿದಳು:

"ವಾಯ್ಡ್ ಆಫ್ಟರ್ ಒನ್ ಇಯರ್. ಅಪ್ಪಾ, ವಾಟ್ಸ್ ವಾಯ್ಡ್?"

ಅವಳು ಅಮ್ಮನ ಮುಖ ನೋಡಿದಳು.

"ಒಂದು ವರ್ಷ ಆದ್ಮೇಲೆ ನಡೆಯಲ್ಲ ಅಂತ, ಪುಟ್ಟಿ," ಎಂದಳು ವಸಂತಲಕ್ಷ್ಮಿ.

"ಬಟ್ ಇಟ್ಸ್ ರೈಟ್ ದೇರ್. ಡಿಡ್ನ್ಟ್ ಯೂ ರೀಡ್ ಇಟ್?"

ಬದರಿನಾಥ ಚೆಕ್ಕನ್ನು ತಿರುಗಿಸಿ ಹಿಂದೆ ನೋಡಿದ, ಮತ್ತೆ ಮುಂದೆ ನೋಡಿದ. ಜಯಂತನಿಗೆ ನಗು ಬಂತು, ವಸಂತಲಕ್ಷ್ಮಿಯ ಮುಖ ಕಂಡು ಅವನು ಬಾಯಿಗೆ ಪೇಡೆ ತುರುಕಿಕೊಂಡ. ಆಮೇಲೆ ಸಮಾಧಾನಕ್ಕೆಂದು ಹೇಳಿದ: "ಇನ್ನೊಂದು ಕೊಡ್ತಾರೆ ಬಿಡೋ. ತೆರಿಗೆ ಆಫೀಸಿಗೆ ಒಂದು ಕಾಲ್ ಮಾಡು. ಕಾದು ಕೂರಬೇಕು ಅಷ್ಟೆ."

"ಹೌದಾ?" ಬದರಿನಾಥನ ಮುಖ ಅರಳಿತು. "ನೋಡಿದ್ಯಾ ವಸಂತಾ, ದೇವರ ದುಡ್ಡು ಎಲ್ಲಿಗೂ ಹೋಗಲ್ಲ."

ಮರುದಿನ ಅವನು ರಜೆ ಹಾಕಿ, ಊಟದ ಮೇಜಿನ ಮೇಲೆ ಫೋನಿಟ್ಟುಕೊಂಡು ಸ್ಪೀಕರ್ ಹಾಕಿ ಕೂತ. ಸಂಗೀತ, ನಡುವೆ ನಡುವೆ ದಯವಿಟ್ಟು ಕಾಯಿರಿ ಎನ್ನುವ ಹೆಂಗಸಿನ ದನಿ. ಅದು ಅಡುಗೆಮನೆಯನ್ನೆಲ್ಲ ತುಂಬಿಕೊಂಡದ್ದರಿಂದ ವಸಂತಲಕ್ಷ್ಮಿ ತನ್ನ ಫೋನು ಹಿಡಿದು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಾಲೇಜಿನ ನಂಬರು ಅವಳಿಗೆ ಬಾಯಿಪಾಠವಿತ್ತು. ಮೂರು ವರ್ಷದಿಂದ ಒತ್ತಿರಲಿಲ್ಲ. ಈಗ ಗಂಡನಿಗೆ ಹೆದರಿಕೆಯಿಲ್ಲ, ಸೈಟಿಗೆ ಕಾಂಪೌಂಡೂ ಆಗಿದೆ, ಅವಳಿಗೆ ನಲವತ್ತೊಂದು. ಎರಡು ವರ್ಷದ ಓದು. ನಲವತ್ತಮೂರಕ್ಕೆ ಲ್ಯಾಬಿನಲ್ಲಿ ಕೂರಬಹುದು.

ಫೋನೆತ್ತಿದ ಹೆಂಗಸು ಒಳ್ಳೆಯವಳು. ಕೋರ್ಸಿನ ಹೆಸರು ಎರಡು ಸಲ ಕೇಳಿ, ಏನೋ ಹುಡುಕಿ ಹೇಳಿದಳು: ರಾಜ್ಯದ ಹಣ ಕಡಿತವಾದ್ದರಿಂದ ಅದನ್ನು ನಿಲ್ಲಿಸಿದ್ದಾರೆ. ಕೊನೆಯ ತರಗತಿ ಎರಡು ಸಾವಿರದ ಹತ್ತರ ಜೂನಿನಲ್ಲಿ ಓದು ಮುಗಿಸಿ ಹೊರಬಿತ್ತು. ಲ್ಯಾಬಿನ ಕೋಣೆಯನ್ನು ಈಗ ಕಂಪ್ಯೂಟರ್ ತರಬೇತಿಗೆ ಬಳಸುತ್ತಾರೆ. ಹತ್ತಿರದಲ್ಲಿ ಬೇರೆಲ್ಲೂ ಇಲ್ಲ. ಬೆಟ್ಟ ದಾಟಿದರೆ ಒಂದಿದೆ, ನಾಲ್ಕು ಗಂಟೆಯ ದಾರಿ. ಕೊನೆಯ ತರಗತಿ ಎಂದರೆ ಯಾವುದೆಂದು ವಸಂತಲಕ್ಷ್ಮಿ ಬೆರಳು ಮಡಿಸಿ ನೋಡಿದಳು. ಎಂಟರಲ್ಲಿ ಸೇರಿದವರು. ಇಪ್ಪತ್ತನಾಲ್ಕು ಜನ.

ಥ್ಯಾಂಕ್ಸ್ ಹೇಳಿ ಫೋನಿಟ್ಟಳು. ಮಂಚದ ಅಂಚಿನಲ್ಲಿ ತುಸು ಹೊತ್ತು ಕೂತು, ಸೀರೆಯ ಸೆರಗಾದರೂ ಇದ್ದಿದ್ದರೆ ಒರೆಸಿಕೊಳ್ಳಬಹುದಿತ್ತು ಎನ್ನುವಂತೆ ಸ್ವೆಟರಿನ ತೋಳನ್ನು ಮುಖಕ್ಕೆ ಹಿಡಿದಳು. ಮುಖ ಒಣಗಿಯೇ ಇತ್ತು.

ಹೊರಗೆ ಬಂದಾಗ ಸಂಗೀತ ಇನ್ನೂ ನಡೆಯುತ್ತಿತ್ತು. ಬದರಿನಾಥ ಉತ್ಸಾಹದಲ್ಲಿದ್ದ.

"ನಲವತ್ತು ನಿಮಿಷ ಆಯ್ತು. ಇರಲಿ. ನಾನೊಂದು ಯೋಚನೆ ಮಾಡಿದೀನಿ, ಕೇಳು. ಹುಂಡಿಗೆ ನನ್ನ ಸಂಬಳದಿಂದ ಹಾಕ್ತೀನಿ. ಹೊಸ ಚೆಕ್ ಬಂದ ತಕ್ಷಣ ನೀನು ಆ ಕೋರ್ಸಿಗೆ ಕಟ್ಟಿಬಿಡು. ಇನ್ನು ಯಾರ ಭಯ ನಮಗೆ?"

"ಕೋರ್ಸ್ ಮುಚ್ಚಿದಾರಂತೆ."

"ಯಾವಾಗ?"

"ಎರಡು ವರ್ಷ ಆಯ್ತಂತೆ. ಸರ್ಕಾರದ ಹತ್ರ ದುಡ್ಡಿಲ್ಲ ಅಂತ."

ಬದರಿನಾಥ ಮೇಜಿಗೆ ಅಂಗೈಯಿಂದ ಮೆಲ್ಲಗೆ ಬಡಿದ. "ನೋಡಿದ್ಯಾ? ಟೀವಿ ತಗೊಳ್ಳಿ ಅಂತ ಮನೆಮನೆಗೆ ಚೆಕ್ ಹಂಚೋದು, ಓದಿಸೋಕೆ ದುಡ್ಡಿಲ್ಲ ಅನ್ನೋದು! ನಾನು ಆವತ್ತೇ ಹೇಳ್ಲಿಲ್ವಾ ನಿನಗೆ, ಇವರನ್ನ ನಂಬಬಾರದು ಅಂತ? ಆವತ್ತು ಫೀಸ್ ಕಟ್ಟಿದ್ರೂ ಅಷ್ಟೇ ಆಗ್ತಿತ್ತು. ಅರ್ಧಕ್ಕೇ ನಿಲ್ಲಿಸಿರೋರು."

ಆ ಇಪ್ಪತ್ತನಾಲ್ಕು ಜನ ಓದು ಮುಗಿಸಿದರು ಎಂಬ ಮಾತು ಅವಳ ಗಂಟಲಿನವರೆಗೆ ಬಂತು. ಅವನ ಮುಖ ನೋಡಿದಳು. ಅದರಲ್ಲಿ ಕಪಟವಿರಲಿಲ್ಲ. ತಾನು ಸರಿಯಿದ್ದೆ ಎಂಬ ನೆಮ್ಮದಿ, ಹೆಂಡತಿಗಾಗಿ ಪ್ರಾಮಾಣಿಕವಾದ ಬೇಸರ, ಎರಡೂ ಅಕ್ಕಪಕ್ಕ ಕೂತಿದ್ದವು. ಕಪಟವಿದ್ದಿದ್ದರೆ ಜಗಳವಾಡಬಹುದಿತ್ತು.

"ಏನಾದ್ರೂ ಅನ್ನು," ಎಂದ ಅವನು.

"ಅನ್ನಕ್ಕೆ ಇಡ್ಬೇಕು."

ಅವಳು ಅಕ್ಕಿಯ ಡಬ್ಬದ ಕಡೆ ತಿರುಗುತ್ತಿದ್ದಂತೆ ಸಂಗೀತ ತಟ್ಟನೆ ನಿಂತಿತು. ಆಚೆ ಕಡೆಯಿಂದ ಒಬ್ಬ ಗಂಡಸು, ಸುಸ್ತಾದ ದನಿಯಲ್ಲಿ, ಹೇಗೆ ಸಹಾಯ ಮಾಡಲಿ ಎಂದ. ಬದರಿನಾಥ ಗಡಿಬಿಡಿಯಲ್ಲಿ ಕುರ್ಚಿಯಿಂದ ಎದ್ದು, ಬನಿಯನ್ನನ್ನು ಸರಿಯಾಗಿ ಕೆಳಗೆಳೆದುಕೊಂಡು, ನೆಟ್ಟಗೆ ನಿಂತು, "ಯೆಸ್ ಸರ್, ಗುಡ್ ಮಾರ್ನಿಂಗ್ ಸರ್," ಎಂದು ಶುರುಮಾಡಿದ.